ಲ್ಯಾಕ್ರೋಸ್ ಆಟದಲ್ಲಿ ಗುರಿಯ ಸಾಧನೆ

ಆಟವೆಂಬುದು ಮಕ್ಕಳ ಕಾಲಹರಣಕ್ಕಾಗಿ ಹುಟ್ಟಿದ ವಸ್ತುವೆಂದು ಬಗೆಯುವ ಹಿರಿಯರು ನಮ್ಮಲ್ಲಿ ದಿನೇ ದಿನೇ ವಿರಳವಾಗುತ್ತಿರುವರು. ಮೈಗೆ ಕಸುವನ್ನೂ ಮನಸ್ಸಿಗೆ ನಿಲುಗಡೆಯನ್ನೂ ತಂದುಕೊಡುವ ಆಟವು ವಿದ್ಯಾಭ್ಯಾಸದ ಒಂದು ಅಂಗವೇ ಸರಿಯೆಂಬುದನ್ನು ಈಗ ಎಲ್ಲರೂ ಒಪ್ಪುವರು. ಆದರೆ ಆಟವನ್ನು ಆಡುವುದು ಬೇರೆ, ಅರಿತು ಆಡುವುದು ಬೇರೆ. ತೋಳಿನಲ್ಲಿ ಬಲವಿದ್ದ ಮಾತ್ರಕ್ಕೆ ಗುರಿಯು ಸಿಕ್ಕದೆಂಬ ಮಾತನ್ನು ಉತ್ತರ ಅಮೆರಿಕ ಖಂಡದ ಲ್ಯಾಕ್ರೋಸ್ ಆಟವು ತೋರಿಸಿಕೊಡುವಷ್ಟು ಸ್ಪಷ್ಟವಾಗಿ ಬೇರೆ ಆಟಗಳು ತೋರಿಸಲಾರವು. ಉದ್ದನೆಯ ಕೋಲಿನ ತುದಿಯ ಜಾಳಿಗೆಯಲ್ಲಿ ಚೆಂಡನ್ನು ಹಿಡಿದು, ಓಡುತ್ತ ಒಯ್ದು, ಜೊತೆಗಾರನಿಗೆ ದಾಟಿಸಿ, ಕಡೆಗೆ ಎದುರು ಪಕ್ಷದ ಗೋಲಿನೊಳಕ್ಕೆ ಎಸೆಯುವುದೇ ಈ ಆಟದ ಸಾರ. ಈ ಕಡೆಯ ಎಸೆತವನ್ನು ನೇರ್ಪಡಿಸಿಕೊಳ್ಳುವುದು ಹೇಗೆಂಬುದನ್ನು ಈ ಲೇಖನದಲ್ಲಿ ವಿಚಾರಿಸೋಣ.

ನಮ್ಮ ದೇಶದ ಮನೆಗಳಲ್ಲಿ ಈ ಆಟದ ಹೆಸರು ಅಷ್ಟಾಗಿ ಬಳಕೆಯಲ್ಲಿಲ್ಲ. ಆದರೂ 2023ನೆಯ ಇಸವಿಯ ಅಕ್ಟೋಬರ್ ತಿಂಗಳಲ್ಲಿ ನಮ್ಮ ಮುಂಬಯಿ ನಗರದಲ್ಲಿಯೇ ಸೇರಿದ ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿಯ ಅಧಿವೇಶನವು, 2028ರ ಲಾಸ್ ಏಂಜಲೀಸ್ ಕ್ರೀಡೋತ್ಸವದಲ್ಲಿ ಕ್ರಿಕೆಟ್ಟಿನೊಡನೆ ಲ್ಯಾಕ್ರೋಸನ್ನೂ ಸೇರಿಸುವುದೆಂದು ತೀರ್ಮಾನಿಸಿತು. 1904ರಲ್ಲಿಯೂ 1908ರಲ್ಲಿಯೂ ಪದಕದ ಪಟ್ಟಿಯಲ್ಲಿದ್ದ ಈ ಆಟವು ಶತಮಾನಕ್ಕೂ ಮೀರಿದ ಕಾಲದ ಮೇಲೆ ಮರಳಿ ಆ ಪಟ್ಟಿಯನ್ನು ಸೇರಿದಂತಾಯಿತು. ಇದಲ್ಲದೆ ಅಮೆರಿಕ, ಕೆನಡಾಗಳಲ್ಲಿ ನೆಲೆಸಿದ ಕನ್ನಡ ಮನೆತನಗಳು ಹಲವಿರುವುವು. ಅಲ್ಲಿನ ಶಾಲೆಯಿಂದ ಮೊಮ್ಮಗನೋ ಮೊಮ್ಮಗಳೋ ಇಂತಹ ಕೋಲನ್ನು ಹಿಡಿದು ಮನೆಗೆ ಬಂದರೆ, ಇಲ್ಲಿನ ಅಜ್ಜ ಅಜ್ಜಿಯರಿಗೆ ಅದರ ಮರ್ಮವು ಸ್ವಲ್ಪ ತಿಳಿದಿರುವುದು ಒಳ್ಳೆಯದೇ.

ಆಟದ ಹುಟ್ಟು

ಲ್ಯಾಕ್ರೋಸ್ ಎಂಬುದು ಫ್ರೆಂಚರು ಇಟ್ಟ ಹೆಸರು. ಆಟವು ಮಾತ್ರ ಅವರದಲ್ಲ. ಬಿಳಿಯರು ಆ ಖಂಡಕ್ಕೆ ಕಾಲಿಡುವ ಮೊದಲೇ ಅಲ್ಲಿನ ಮೂಲನಿವಾಸಿಗಳು ಇದನ್ನು ಆಡುತ್ತಿದ್ದರು. 1630ರ ದಶಕದಲ್ಲಿ ಹ್ಯೂರಾನ್ ಜನರ ನಡುವೆ ಇದ್ದ ಜೀನ್ ದ ಬ್ರೆಬೋಫ್ ಎಂಬ ಫ್ರೆಂಚ್ ಪಾದ್ರಿಯು ಇದನ್ನು ಕಂಡು ಬರೆದಿಟ್ಟನು. ಇಂದಿನ ನ್ಯೂಯಾರ್ಕ್ ಸಂಸ್ಥಾನದಲ್ಲಿಯೂ ಅದಕ್ಕೆ ಹೊಂದಿದ ಕೆನಡಾ ಪ್ರಾಂತಗಳಲ್ಲಿಯೂ ವಾಸಿಸುವ ಹೊಡೆನೊಶೋನಿ ಜನರು, ಅಂದರೆ ಇರೊಕ್ವಾ ಎಂದು ಇತರರು ಕರೆಯುವವರು, ಇದನ್ನು ಸೃಷ್ಟಿಕರ್ತನ ಆಟವೆಂದು ಭಾವಿಸುವರು. ರೋಗಿಯ ಆರೋಗ್ಯಕ್ಕಾಗಿ ಇದನ್ನು ಆಡಿಸುವ ಪದ್ಧತಿಯು ಅವರಲ್ಲಿ ಉಂಟು. ಅವರ ಪಾಲಿಗೆ ಇದು ಔಷಧಿಯೂ ಹೌದು.

ಈ ಆಟಕ್ಕೆ ಬರಹದ ನಿಯಮಗಳನ್ನು ಕಟ್ಟಿದವನು ಮಾಂಟ್ರಿಯಲ್ ನಗರದ ದಂತವೈದ್ಯನಾದ ವಿಲಿಯಂ ಜಾರ್ಜ್ ಬಿಯರ್ಸ್ ಎಂಬವನು. 1867ರ ಸುಮಾರಿಗೆ ಆತನ ನಿಯಮಗಳು ಕೆನಡಾದಲ್ಲಿ ಹಬ್ಬಿದುವು. ಜಿಂಕೆಯ ತೊಗಲಿನ ಚೆಂಡಿಗೆ ಬದಲಾಗಿ ರಬ್ಬರ್ ಚೆಂಡು ಬಂದುದೂ ಆಗಲೇ. ಆದರೆ ಆಟವನ್ನು ಕಲಿಸಿದವರನ್ನೇ ಮುಂದೆ ಹೊರಗಿಡಲಾಯಿತೆಂಬುದು ಖೇದದ ಸಂಗತಿ. 1880ರಲ್ಲಿ ಕೆನಡಾದ ಹವ್ಯಾಸಿ ಪಂದ್ಯಗಳಿಂದ ಮೂಲನಿವಾಸಿ ಆಟಗಾರರನ್ನು ಬಹಿಷ್ಕರಿಸಿದರು. ಹೊಡೆನೊಶೋನಿಗಳು ಧೈರ್ಯಗೆಡಲಿಲ್ಲ. 1983ರಲ್ಲಿ ತಮ್ಮದೇ ರಾಷ್ಟ್ರೀಯ ತಂಡವನ್ನು ಕಟ್ಟಿದರು. 2014, 2018, 2023ರ ಪುರುಷರ ವಿಶ್ವಪಂದ್ಯಗಳಲ್ಲಿ ಆ ತಂಡವು ಮೂರನೆಯ ಸ್ಥಾನವನ್ನು ಗಳಿಸಿತು. ಜನಸಂಖ್ಯೆಯಲ್ಲಿ ಅಷ್ಟು ಕಿರಿದಾದ ಸಮುದಾಯವು ದೊಡ್ಡ ರಾಷ್ಟ್ರಗಳ ಸಾಲಿನಲ್ಲಿ ನಿಲ್ಲುವುದು ಸಾಮಾನ್ಯವಾದ ಸಾಧನೆಯಲ್ಲ.

ಸ್ತ್ರೀಯರ ಆಟವು ಬೇರೊಂದು ದಾರಿಯಿಂದ ಬಂದಿತು. 1890ರಲ್ಲಿ ಸ್ಕಾಟ್ಲೆಂಡಿನ ಸೇಂಟ್ ಆಂಡ್ರೂಸ್ ಪಟ್ಟಣದ ಸೇಂಟ್ ಲೆನಾರ್ಡ್ಸ್ ಶಾಲೆಯಲ್ಲಿ ಹುಡುಗಿಯರು ಇದನ್ನು ಮೊದಲಾಗಿ ಆಡಿದರು. ಮೈಗೆ ಮೈ ತಾಗಿಸುವುದನ್ನು ಬಿಟ್ಟು ಚುರುಕಿಗೂ ಕೌಶಲಕ್ಕೂ ಹೆಚ್ಚಿನ ಬೆಲೆಯನ್ನು ಕೊಡುವುದು ಅವರ ಆಟದ ಲಕ್ಷಣ.

ಎಸೆತದ ಲೆಕ್ಕ

ಬಯಲಿನಲ್ಲಿ ಆಡುವ ಲ್ಯಾಕ್ರೋಸಿನ ಗೋಲು 6 ಅಡಿ ಅಗಲ, 6 ಅಡಿ ಎತ್ತರದ ಚೌಕ. ಚೆಂಡು ಗಟ್ಟಿ ರಬ್ಬರಿನದು. ಅದರ ತೂಕವು ಸುಮಾರು 145 ಗ್ರಾಂ, ಅಡ್ಡಳತೆಯು ಸುಮಾರು ಎರಡೂವರೆ ಅಂಗುಲ. ಇಷ್ಟು ದೊಡ್ಡ ಚೌಕದಲ್ಲಿ ಇಷ್ಟು ಸಣ್ಣ ಚೆಂಡನ್ನು ತೂರಿಸುವುದು ಏನು ಮಹಾ ಕೆಲಸವೆಂದು ಕೇಳಬಹುದು. ಆ ಚೌಕದ ನಡುವೆ ಅಗಲವಾದ ತಲೆಯ ಕೋಲನ್ನು ಹಿಡಿದ ಕಾವಲುಗಾರನು ನಿಂತಿರುವನು. ಅವನ ಮೈಯೂ ಕೋಲೂ ಮುಚ್ಚಿದ ಸ್ಥಳವನ್ನು ಕಳೆದರೆ ಉಳಿಯುವುದು ಮೂಲೆಗಳೂ ಕೆಲವು ಸಂದುಗಳೂ ಮಾತ್ರ.

ಇಲ್ಲಿ ಒಂದು ಚಿಕ್ಕ ಲೆಕ್ಕವನ್ನು ಮಾಡಿ ನೋಡೋಣ. ಆಟಗಾರನು ಗೋಲಿಗೆ 30 ಅಡಿ ದೂರದಲ್ಲಿರುವನೆಂದು ಇಟ್ಟುಕೊಳ್ಳೋಣ. ಗಂಟೆಗೆ 60 ಮೈಲಿಯ ವೇಗದಿಂದ ಹೊರಟ ಚೆಂಡು ಅಷ್ಟು ದೂರವನ್ನು ಒಂದು ಸೆಕೆಂಡಿನ ಮೂರನೆಯ ಒಂದು ಪಾಲಿನಲ್ಲಿ ದಾಟುವುದು. 90 ಮೈಲಿಯ ವೇಗವಾದರೆ ಕಾಲು ಸೆಕೆಂಡಿಗಿಂತ ತುಸು ಕಡಿಮೆ ಸಾಕು. ಬಲಿಷ್ಠರಾದ ಆಟಗಾರರು ಗಂಟೆಗೆ 100 ಮೈಲಿಯನ್ನೂ ಮೀರಿ ಎಸೆಯಬಲ್ಲರು. ಕಣ್ಣು ಕಂಡುದಕ್ಕೆ ಕೈಯು ಓಗೊಡುವುದಕ್ಕೇ ಸುಮಾರು ಒಂದು ಸೆಕೆಂಡಿನ ಐದನೆಯ ಒಂದು ಪಾಲು ಹಿಡಿಯುವುದರಿಂದ ವೇಗಕ್ಕೆ ಬೆಲೆಯಿದೆಯೆಂಬುದು ನಿಜ.

ಆದರೆ ಲೆಕ್ಕದ ಇನ್ನೊಂದು ಮಗ್ಗುಲನ್ನು ನೋಡಬೇಕು. ಅದೇ 30 ಅಡಿ ದೂರದಿಂದ ಚೆಂಡಿನ ದಿಕ್ಕು ಒಂದೇ ಒಂದು ಡಿಗ್ರಿ ತಪ್ಪಿದರೂ ಅದು ಗೋಲಿನ ಬಳಿಗೆ ಹೋಗುವಾಗ ಆರು ಅಂಗುಲಕ್ಕಿಂತ ಹೆಚ್ಚಾಗಿ ಸರಿದಿರುವುದು. ಐದು ಡಿಗ್ರಿ ತಪ್ಪಿದರೆ ಎರಡೂವರೆ ಅಡಿಗೂ ಮಿಕ್ಕು ದೂರವಾಗುವುದು. ಭರದಿಂದ ಬೀಸಿದ ಕೋಲಿನ ತಲೆಯು ಒಂದು ಡಿಗ್ರಿಯಷ್ಟು ತಿರುಗುವುದಕ್ಕೆ ಒಂದು ಸೆಕೆಂಡಿನ ಸಾವಿರದಲ್ಲೊಂದು ಪಾಲು ಕೂಡ ಬೇಕಾಗುವುದಿಲ್ಲ. ಅಷ್ಟು ಸೂಕ್ಷ್ಮವಾದ ಕಾಲವನ್ನು ಯಾವ ಮನುಷ್ಯನೂ ಯೋಚಿಸಿ ಹಿಡಿಯಲಾರನು. ಪ್ರತಿ ಸಲವೂ ಒಂದೇ ರೀತಿಯಾಗಿ ಬೀಸುವ ಅಭ್ಯಾಸವೊಂದೇ ಇದಕ್ಕೆ ಉಪಾಯ. ಆದಕಾರಣ ಮೊದಲು ರೀತಿ, ಆಮೇಲೆ ಗುರಿ, ಕಡೆಯಲ್ಲಿ ವೇಗ, ಈ ಕ್ರಮವನ್ನು ಕಲಿಯುವವರು ಮೀರಕೂಡದೆಂದು ನಾವು ಹೇಳುವೆವು. ಎಳೆಯರು ಸಾಮಾನ್ಯವಾಗಿ ಇದನ್ನು ತಲೆಕೆಳಗು ಮಾಡಿಕೊಂಡು ಮೊದಲ ದಿನದಿಂದಲೇ ವೇಗದ ಬೆನ್ನು ಹತ್ತುವರು.

ಕೋಲಿನ ಪರೀಕ್ಷೆ

ಹೊಲ ಕಾಯುವವರು ಹಕ್ಕಿಗಳನ್ನು ಬೆದರಿಸಲು ಬೀಸುವ ಕವಣೆಯನ್ನು ನಮ್ಮ ವಾಚಕರಲ್ಲಿ ಅನೇಕರು ಕಂಡಿರಬಹುದು. ಕಲ್ಲು ಎತ್ತ ಹೋಗುವುದೆಂಬುದು ಬೀಸುವವನ ತೋಳನ್ನು ಎಷ್ಟು ನೆಚ್ಚಿಕೊಂಡಿದೆಯೋ ಕವಣೆಯ ಹದವನ್ನೂ ಅಷ್ಟೇ ನೆಚ್ಚಿಕೊಂಡಿದೆ. ಲ್ಯಾಕ್ರೋಸಿನ ಕೋಲೂ ಹಾಗೆಯೇ. ಹಿಂದೆ ಹಿಕರಿ ಎಂಬ ಗಟ್ಟಿಮರವನ್ನು ಆವಿಯಲ್ಲಿ ಬಾಗಿಸಿ, ತೊಗಲಿನ ಬಾರುಗಳಿಂದ ಜಾಳಿಗೆಯನ್ನು ಹೆಣೆದು ಕೋಲನ್ನು ಸಿದ್ಧಪಡಿಸುತ್ತಿದ್ದರು. 1970ರ ಸುಮಾರಿಗೆ ಪ್ಲಾಸ್ಟಿಕ್ಕಿನ ತಲೆಯು ಬಂದ ಮೇಲೆ ಆಟವು ಬಹು ಬೇಗನೆ ಹರಡಿತು. ಪುರುಷರ ಬಯಲಾಟದಲ್ಲಿ ಗೋಲು ಹೊಡೆಯಲು ಮುಂದೆ ನಿಲ್ಲುವವರ ಕೋಲು 40ರಿಂದ 42 ಅಂಗುಲ ಉದ್ದವಿರುವುದು.

ಚೆಂಡನ್ನು ಬಿಡುವುದಕ್ಕೆ ಇಲ್ಲಿ ಬೆರಳಿಲ್ಲ. ಜಾಳಿಗೆಯ ಮೇಲುಭಾಗದಲ್ಲಿ ಅಡ್ಡಲಾಗಿ ಕಟ್ಟಿದ ಕೆಲವು ದಾರಗಳನ್ನು ಉಜ್ಜಿಕೊಂಡು ಚೆಂಡು ಹೊರಡುವುದು. ಜಾಳಿಗೆಯು ಅತಿಯಾಗಿ ಜೋತಿದ್ದರೆ, ಅಥವಾ ಆ ಅಡ್ಡದಾರಗಳು ಚೆಂಡನ್ನು ಅತಿಯಾಗಿ ತಡೆದರೆ, ಚೆಂಡು ತಡವಾಗಿ ಬಿಟ್ಟು ನೆಲದ ಕಡೆಗೆ ಬಾಗುವುದು. ಜಾಳಿಗೆಯು ತೀರ ಬಿಗಿಯಾಗಿದ್ದರೆ ಚೆಂಡು ಬೇಗನೆ ಜಾರಿ ಗೋಲಿನ ಮೇಲೆ ಹಾರಿಹೋಗುವುದು. ಪುರುಷರ ನಿಯಮದಲ್ಲಿ ಜಾಳಿಗೆಯ ಆಳಕ್ಕೆ ಮಿತಿಯುಂಟು. ಕೋಲನ್ನು ನೆಲಕ್ಕೆ ಸಮನಾಗಿ ಹಿಡಿದಾಗ ಚೆಂಡಿನ ನೆತ್ತಿಯು ತಲೆಯ ಪಕ್ಕದ ಕೆಳ ಅಂಚಿಗಿಂತ ಕೆಳಕ್ಕೆ ಇಳಿದಿರಕೂಡದು. ಹುಡುಗಿಯರ ಕೋಲಿನ ಜಾಳಿಗೆಯು ಇದಕ್ಕಿಂತಲೂ ಆಳ ಕಡಿಮೆಯಾದುದು.

ದೋಷವು ಕೋಲಿನದೋ ಮೈಯದೋ ಎಂಬುದನ್ನು ತಿಳಿಯಲು ಒಂದು ಸುಲಭವಾದ ಪರೀಕ್ಷೆಯಿದೆ. ಗೋಡೆಯ ಮೇಲೆ ಸುಣ್ಣದಿಂದ ಒಂದು ಗುರುತನ್ನಿಟ್ಟು, ಹತ್ತು ಅಡಿ ದೂರದಲ್ಲಿ ನಿಂತು, ಬಲವನ್ನು ಹಾಕದೆ ಹತ್ತು ಸಲ ಎಸೆಯಬೇಕು. ಹತ್ತೂ ಎಸೆತಗಳು ಗುರುತಿನ ಕೆಳಗೆ ಒಂದೇ ಕಡೆಗೆ ಬಿದ್ದರೆ, ಇಲ್ಲವೆ ಮೇಲೆ ಒಂದೇ ಕಡೆಗೆ ಬಿದ್ದರೆ, ಮೊದಲು ಜಾಳಿಗೆಯ ಮೇಲೆ ಸಂಶಯಪಡಬೇಕು. ಒಂದು ಇತ್ತ, ಒಂದು ಅತ್ತ ಚೆದರಿ ಬಿದ್ದರೆ ತಪ್ಪು ಆಟಗಾರನ ಬೀಸಿನಲ್ಲಿದೆಯೆಂದು ತಿಳಿಯಬೇಕು. ಕೋಲಿನ ದೋಷವನ್ನು ಮೈಯಿಂದ ಸರಿದೂಗಿಸಲು ಹೋದವನು ಕೆಟ್ಟ ಚಾಳಿಯೊಂದನ್ನು ಕಲಿತುಕೊಳ್ಳುವನು. ಹೊಸ ಕೋಲು ಬಂದಾಗ ಆ ಚಾಳಿಯೇ ಅವನಿಗೆ ಶತ್ರುವಾಗುವುದು.

ಪಾದದಿಂದ ಮಣಿಕಟ್ಟಿನವರೆಗೆ

ಒಳ್ಳೆಯ ಎಸೆತದ ಬಲವು ನೆಲದಿಂದ ಹುಟ್ಟುವುದು. ಬಲಗೈಯವನ ರೀತಿಯನ್ನು ಇಲ್ಲಿ ಹೇಳುವೆವು. ಎಡಗೈಯವನು ಇದನ್ನು ತಿರುಗಿಸಿಕೊಳ್ಳತಕ್ಕದ್ದು. ಎಡಗೈಯು ಕೋಲಿನ ಬುಡವನ್ನೂ ಬಲಗೈಯು ಅದಕ್ಕಿಂತ ಒಂದು, ಒಂದೂವರೆ ಅಡಿ ಮೇಲನ್ನೂ ಹಿಡಿದಿರಬೇಕು. ಕೈಗಳು ಒಂದಕ್ಕೊಂದು ಹತ್ತಿರವಾದಷ್ಟೂ ಬೀಸು ಉದ್ದವಾಗಿ ವೇಗವು ಹೆಚ್ಚುವುದು, ಹತೋಟಿಯು ತಗ್ಗುವುದು. ಆದುದರಿಂದ ಕಲಿಯುವವರು ಕೈಗಳನ್ನು ತುಸು ಅಗಲವಾಗಿಯೇ ಇಟ್ಟುಕೊಳ್ಳುವುದು ಮೇಲು. ಹಿಡಿತವು ಬಿಗಿಯಾಗಿರಬೇಕಾದುದಿಲ್ಲ. ಹಿಂಡಿ ಹಿಡಿದ ಮಣಿಕಟ್ಟು ತಿರುಗಲಾರದು.

ಎದೆಯನ್ನು ಗೋಲಿಗೆ ಎದುರಾಗಿಟ್ಟು ಎಸೆಯಕೂಡದು. ಎಡಭುಜವು ಗೋಲನ್ನು ನೋಡುವಂತೆ ಪಕ್ಕವಾಗಿ ನಿಲ್ಲಬೇಕು. ಕೈಗಳೆರಡೂ ಹಿಂದಕ್ಕೆ, ಮೈಯಿಂದ ದೂರವಾಗಿ, ಭುಜದ ಎತ್ತರದಲ್ಲಿರಬೇಕು. ಮೊಣಕೈಗಳು ಪಕ್ಕೆಗೆ ಅಂಟಿಕೊಂಡರೆ ಎಸೆತವು ಅಲ್ಲಿಯೇ ಸತ್ತಂತೆ. ಎಡಗಾಲು ಗುರಿಯ ಕಡೆಗೆ ಒಂದು ಹೆಜ್ಜೆಯನ್ನಿಟ್ಟು ನೆಲದಲ್ಲಿ ಊರಿದ ಕೂಡಲೆ ಸೊಂಟವು ತಿರುಗುವುದು. ಸೊಂಟದ ಹಿಂದೆ ಎದೆ, ಎದೆಯ ಹಿಂದೆ ಭುಜ, ಭುಜದ ಹಿಂದೆ ತೋಳು, ಎಲ್ಲಕ್ಕೂ ಕಡೆಯಲ್ಲಿ ಮಣಿಕಟ್ಟು. ಒಂದರ ಬಲವು ಮತ್ತೊಂದಕ್ಕೆ ಸಾಗುತ್ತ ಹೋಗಿ ಕೋಲಿನ ತಲೆಯಲ್ಲಿ ಒಟ್ಟುಗೂಡುವುದು. ಎಲ್ಲವೂ ಒಟ್ಟಿಗೆ ತಿರುಗಿದರೆ ಬಲವು ಅರ್ಧಕ್ಕೆ ಇಳಿಯುವುದು. ತೋಳು ಮೊದಲು ಹೊರಟರೆ ಸೊಂಟದ ಕೆಲಸವು ವ್ಯರ್ಥವಾಗುವುದಲ್ಲದೆ ಭುಜದ ಕೀಲಿಗೂ ಪೆಟ್ಟು.

ಕೈಗಳೆರಡಕ್ಕೂ ಬೇರೆ ಬೇರೆ ಕೆಲಸವುಂಟು. ಹರಿಗೋಲಿನವನು ಹುಟ್ಟು ಹಾಕುವಾಗ ಒಂದು ಕೈ ತಳ್ಳುವುದು, ಇನ್ನೊಂದು ಎಳೆಯುವುದು. ಇಲ್ಲಿಯೂ ಮೇಲಿನ ಕೈಯು ಮುಂದಕ್ಕೆ ತಳ್ಳುತ್ತಿರುವಾಗ ಕೆಳಗಿನ ಕೈಯು ಕೋಲಿನ ಬುಡವನ್ನು ಮೈಯ ಕಡೆಗೆ ಎಳೆಯಬೇಕು. ಮೇಲಿನ ಕೈಯೊಂದರಿಂದಲೇ ನೂಕುವುದು ಕಲಿಯುವವರ ಸಾಮಾನ್ಯ ದೋಷ. ಅಂತಹ ಎಸೆತದಲ್ಲಿ ಚೆಂಡು ತೇಲಿಹೋಗುವುದು, ದಿಕ್ಕೂ ನಿಲ್ಲದು.

ಚೆಂಡು ಬಿಟ್ಟೊಡನೆ ಕೋಲನ್ನು ತಡೆದು ನಿಲ್ಲಿಸಬಾರದು. ಕೋಲಿನ ತಲೆಯು ಮೊದಲು ಗುರಿಯನ್ನು ತೋರಿಸಿ, ಅನಂತರ ಎದುರು ಸೊಂಟದ ಕಡೆಗೆ ತಾನಾಗಿ ಇಳಿಯಬೇಕು. ಹಿಂಗಾಲು ಮುಂದಕ್ಕೆ ಬರಬೇಕು. ಎಸೆದ ಮೇಲೆ ಆಟಗಾರನು ಹಿಂದಕ್ಕೆ ವಾಲುತ್ತಿದ್ದರೆ ಅವನ ಭಾರವು ಚೆಂಡಿನ ಹಿಂದೆ ಹೋಗಲಿಲ್ಲವೆಂದೇ ಅರ್ಥ.

ತಲೆಯ ಮೇಲಿನಿಂದ ಬೀಸುವ ಎಸೆತ, ಓರೆಯಾದ ಎಸೆತ, ಸೊಂಟದ ಮಟ್ಟದ ಅಡ್ಡ ಎಸೆತ, ಕೆಳಗಿನಿಂದ ಮೇಲಕ್ಕೆ ಬರುವ ಎಸೆತ, ಹೀಗೆ ಹಲವು ಬಗೆಗಳುಂಟು. ಮೊದಲು ಕಲಿಯತಕ್ಕದ್ದು ತಲೆಯ ಮೇಲಿನ ಎಸೆತವನ್ನೇ. ಇದರಲ್ಲಿ ಕೋಲು ನೆಟ್ಟಗೆ ಮೇಲಿನಿಂದ ಕೆಳಕ್ಕೆ ಚಲಿಸುವುದರಿಂದ, ಚೆಂಡು ಬಿಡುವ ಸಮಯವು ತುಸು ತಪ್ಪಿದರೂ ಚೆಂಡು ಮೇಲೆ ಕೆಳಗೆ ಆಗುವುದೇ ಹೊರತು ಎಡಕ್ಕೆ ಬಲಕ್ಕೆ ಹೆಚ್ಚಾಗಿ ಸರಿಯದು. ಕೆಳಗಾದ ಚೆಂಡು ನೆಲಕ್ಕೆ ಪುಟಿದು ಗೋಲಿನೊಳಗೆ ಹೋಗುವ ಸಂಭವವೂ ಇದೆ. ಅಡ್ಡ ಎಸೆತದಲ್ಲಿ ಸಮಯವು ತಪ್ಪಿದರೆ ಚೆಂಡು ಪಕ್ಕಕ್ಕೆ ಓಡಿ ಗೋಲನ್ನೇ ಬಿಟ್ಟುಹೋಗುವುದು.

ಕಣ್ಣು ಎಲ್ಲಿರಬೇಕು

ಕಾವಲುಗಾರನನ್ನು ನೋಡುತ್ತ ಎಸೆದವನು ಕಾವಲುಗಾರನಿಗೇ ಎಸೆಯುವನು. ಕಣ್ಣು ಎಲ್ಲಿಯೋ ಕೈಯೂ ಅಲ್ಲಿಗೇ ಹೋಗುವುದರಿಂದ, ಅವನ ಪಕ್ಕದಲ್ಲಿ ಬಲೆಯು ಕಾಣಿಸುವ ತೆರವನ್ನು ನೋಡಬೇಕು. ಗೋಲು ಎಂದು ದೊಡ್ಡದಾಗಿ ಗುರಿಯಿಡದೆ ಬಲೆಯ ಒಂದು ಕಣ್ಣನ್ನು ಆರಿಸಿಕೊಳ್ಳಬೇಕು. ಗುರಿಯು ಸಣ್ಣದಾದಷ್ಟೂ ತಪ್ಪೂ ಸಣ್ಣದಾಗುವುದು.

ಕಾವಲುಗಾರನು ಕೋಲನ್ನು ಸಾಮಾನ್ಯವಾಗಿ ಒಂದು ಭುಜದ ಮೇಲ್ಗಡೆಗೆ ಎತ್ತಿ ಹಿಡಿದಿರುವನು. ಆ ಕಡೆಯ ಮೇಲಿನ ಮೂಲೆಯು ಅವನಿಗೆ ಅತಿ ಸಮೀಪ. ಎದುರು ಕಡೆಯ ಸೊಂಟ ಮತ್ತು ಪಾದಗಳ ಬಳಿಯ ತೆರವನ್ನು ಮುಚ್ಚುವುದಕ್ಕೆ ಕೋಲು ಬಹುದೂರ ಸುತ್ತಿಬರಬೇಕು. ಆದಕಾರಣ ಮೇಲೆ ಎಸೆಯುವಂತೆ ಕೋಲನ್ನು ಎತ್ತಿ ತೋರಿಸಿ ಕೆಳಗೆ ಎಸೆಯುವುದು, ಇಲ್ಲವೆ ಕೆಳಗೆ ತೋರಿಸಿ ಮೇಲೆ ಎಸೆಯುವುದು ಪಳಗಿದವರ ರೂಢಿ. ಆದರೆ ಎಳೆಯರು ಮೂಲೆಯ ಕಂಬವನ್ನೇ ಗುರಿಯಾಗಿಟ್ಟುಕೊಂಡರೆ ಅರ್ಧಕ್ಕರ್ಧ ಹೊರಗೆ ಹೋಗುವುದು. ಕಂಬದಿಂದ ಒಂದು ಅಡಿ ಒಳಗೆ ಗುರಿಯಿಡುವುದು ಮೊದಲಲ್ಲಿ ಕ್ಷೇಮ.

ಕಿರಿಯ ಗೋಲಿನ ಪಾಠ

ಕೆನಡಾದಲ್ಲಿ ಬಯಲಾಟಕ್ಕಿಂತ ಬೇರೆಯಾದ ಇನ್ನೊಂದು ಪದ್ಧತಿಯು ಬಳಕೆಯಲ್ಲಿದೆ. ಬೇಸಿಗೆಯಲ್ಲಿ ಮಂಜುಗಡ್ಡೆಯಿಲ್ಲದೆ ತೆರವಾಗಿರುವ ಹಾಕಿ ಅಂಗಣಗಳೊಳಗೆ ಆಡುವ ಇದಕ್ಕೆ ಬಾಕ್ಸ್ ಲ್ಯಾಕ್ರೋಸ್ ಎಂದು ಹೆಸರು. 1930ರ ದಶಕದಲ್ಲಿ ಇದು ಅಲ್ಲಿ ಬೇರೂರಿತು. ಇದರ ಗೋಲು ಎತ್ತರದಲ್ಲಿ 4 ಅಡಿ, ಅಗಲದಲ್ಲಿಯೂ ಅದರ ಆಸುಪಾಸು. ಕಾವಲುಗಾರನು ಮೈತುಂಬ ದಪ್ಪವಾದ ಕವಚವನ್ನು ತೊಟ್ಟು ಅದನ್ನು ಬಹುಮಟ್ಟಿಗೆ ತುಂಬಿಕೊಂಡಿರುವನು. ಅಲ್ಲಿ ಬರಿಯ ವೇಗದಿಂದ ಏನೂ ನಡೆಯದು. ಅಂಗೈಯಗಲದ ಸಂದನ್ನು ಕಂಡುಹಿಡಿದು, ಕಾವಲುಗಾರನನ್ನು ಒಂದು ಕ್ಷಣ ಅಲುಗಿಸಿ, ಚೆಂಡನ್ನು ತೂರಿಸಬೇಕು. ಇಂತಹ ಕಿರಿಯ ಗೋಲಿನಲ್ಲಿ ಪಳಗಿದವನಿಗೆ ಆರು ಅಡಿಯ ಗೋಲು ಹೆಬ್ಬಾಗಿಲಿನಂತೆ ಕಂಡರೆ ಆಶ್ಚರ್ಯವಿಲ್ಲ.

ಬ್ರಿಟಿಷ್ ಕೊಲಂಬಿಯ ಪ್ರಾಂತದ ವಿಕ್ಟೋರಿಯ ನಗರದಲ್ಲಿ ಬೆಳೆದ ಗ್ಯಾರಿ ಗೇಟ್ ಮತ್ತು ಪಾಲ್ ಗೇಟ್ ಎಂಬ ಅವಳಿ ಸೋದರರು ಇದಕ್ಕೆ ದೃಷ್ಟಾಂತ. ಅವರು 1980ರ ದಶಕದ ಕಡೆಯಲ್ಲಿ ಅಮೆರಿಕದ ಸಿರಕ್ಯೂಸ್ ವಿಶ್ವವಿದ್ಯಾನಿಲಯಕ್ಕೆ ಆಡಿದರು. ಅಲ್ಲಿ ಗ್ಯಾರಿಯು ಒಟ್ಟು 192 ಗೋಲುಗಳನ್ನು ಹೊಡೆದನು. 1988ರ ಒಂದು ಪಂದ್ಯದಲ್ಲಿ ಅವನು ಗೋಲಿನ ಹಿಂದಿನಿಂದ ಹಾರಿ, ಅಡ್ಡಪಟ್ಟಿಯ ಮೇಲಿನಿಂದ ಕೋಲನ್ನು ಚಾಚಿ, ಚೆಂಡನ್ನು ಒಳಕ್ಕೆ ಇಳಿಸಿದುದು ಇಂದಿಗೂ ಮನೆಮಾತಾಗಿದೆ. ಆ ಗೋಲಿಗೆ ವೇಗವೇ ಬೇಕಾಗಿರಲಿಲ್ಲ. ಯಾರೂ ನೋಡದಿದ್ದ ತೆರವನ್ನು ಅವನ ಕಣ್ಣು ನೋಡಿತ್ತು. ಹಾಗೆಯೇ ಹೊಡೆನೊಶೋನಿಗಳಲ್ಲಿ ಒನೊಂಡಾಗ ಪಂಗಡದ ಲೈಲ್ ಥಾಂಪ್ಸನ್ ಮತ್ತು ಅವನ ಅಣ್ಣ ಮೈಲ್ಸ್ ಇಬ್ಬರೂ 2014ರಲ್ಲಿ ಅಮೆರಿಕದ ಕಾಲೇಜು ಆಟಗಾರರಿಗೆ ಸಲ್ಲುವ ಅತ್ಯುನ್ನತವಾದ ಟೆವಾರಟನ್ ಪ್ರಶಸ್ತಿಯನ್ನು ಹಂಚಿಕೊಂಡರು. ಮರುವರ್ಷ ಲೈಲನು ಒಬ್ಬನೇ ಅದನ್ನು ಮತ್ತೆ ಪಡೆದನು. ಟೆವಾರಟನ್ ಎಂಬುದು ಈ ಆಟಕ್ಕೆ ಮೊಹಾಕ್ ಭಾಷೆಯಲ್ಲಿರುವ ಹೆಸರು.

2028ರ ಕ್ರೀಡೋತ್ಸವಕ್ಕೆ ಆರಿಸಿದ ಬಗೆಯಲ್ಲಿಯೂ ಈ ಪಾಠಕ್ಕೆ ಬೆಲೆಯುಂಟು. ಅದರಲ್ಲಿ ಒಂದೊಂದು ಪಕ್ಷಕ್ಕೆ ಆರೇ ಜನರು. ಚೆಂಡು ಕೈಗೆ ಬಂದ 30 ಸೆಕೆಂಡುಗಳೊಳಗೆ ಗೋಲಿಗೆ ಎಸೆಯಬೇಕು. ಗುರಿಗೆಟ್ಟ ಒಂದು ಎಸೆತವು ಚೆಂಡನ್ನು ಎದುರು ಪಕ್ಷಕ್ಕೆ ಒಪ್ಪಿಸಿಕೊಟ್ಟಂತೆಯೇ ಆಗಬಹುದು.

ಮನೆಯ ಗೋಡೆಯೇ ಗುರು

ಈ ಸಾಧನೆಗೆ ದೊಡ್ಡ ಮೈದಾನವೂ ದುಬಾರಿಯ ಉಪಕರಣವೂ ಬೇಕಾಗಿಲ್ಲ. ಕಿಟಕಿಯಿಲ್ಲದ ಗಟ್ಟಿಗೋಡೆಯೊಂದಿದ್ದರೆ ಸಾಕು. ಎಸೆದ ಚೆಂಡು ಮರಳಿ ಬರುವುದರಿಂದ ಎಸೆಯುವುದೂ ಹಿಡಿಯುವುದೂ ಒಟ್ಟಿಗೆ ಅಭ್ಯಾಸವಾಗುವುವು. ಈ ಕ್ರಮವನ್ನು ನಾವು ಸೂಚಿಸುವೆವು.

ಮೊದಲ ಹಂತದಲ್ಲಿ ಗೋಡೆಯಿಂದ ಹತ್ತು ಅಡಿ ದೂರ ನಿಂತು, ಬಲಗೈಯನ್ನು ಮೇಲಿಟ್ಟು ಇಪ್ಪತ್ತೈದು, ಎಡಗೈಯನ್ನು ಮೇಲಿಟ್ಟು ಇಪ್ಪತ್ತೈದು ಸಲ ಮೆಲ್ಲಗೆ ಎಸೆಯಬೇಕು. ಬಾರದ ಕೈಯನ್ನು ಬಿಟ್ಟುಬಿಡುವುದು ಕೂಡದು. ಒಂದೇ ಕೈಯಿಂದ ಎಸೆಯಬಲ್ಲವನ ದಾರಿಯನ್ನು ಎದುರಾಳಿಯು ಬೇಗ ಕಂಡುಕೊಳ್ಳುವನು.

ಎರಡನೆಯ ಹಂತದಲ್ಲಿ ಬಲೆಯ ಗೋಲಿರಬೇಕು. ಅದಿಲ್ಲದಿದ್ದರೆ ಗಳುಗಳಿಂದ ಆರು ಅಡಿಯ ಚೌಕಟ್ಟನ್ನು ಕಟ್ಟಿ, ನಾಲ್ಕು ಮೂಲೆಗಳಲ್ಲಿಯೂ ಒಂದೊಂದು ಅಡಿ ಅಗಲದ ಹಳೆಯ ಬಟ್ಟೆಯ ಚೂರನ್ನು ತೂಗಹಾಕಬೇಕು. ಹದಿನೈದು ಅಡಿ ದೂರದಿಂದ ಒಂದೊಂದು ಮೂಲೆಗೂ ಹತ್ತು ಸಲ ಎಸೆದು, ಬಟ್ಟೆಗೆ ತಾಗಿದವೆಷ್ಟು ಎಂದು ಎಣಿಸಬೇಕು. ಹತ್ತಕ್ಕೆ ಏಳು ತಾಗುವವರೆಗೂ ಹಿಂದಕ್ಕೆ ಸರಿಯಬಾರದು. ತಾಗತೊಡಗಿದ ಮೇಲೆ ಮೂರು ಮೂರು ಅಡಿಯಂತೆ ಹಿಂದಕ್ಕೆ ಹೋಗಬೇಕು. ಮನೆಯ ಯಜಮಾನನು ಖರ್ಚುವೆಚ್ಚವನ್ನು ಬರೆದಿಡುವಂತೆ ಹುಡುಗನು ಈ ಎಣಿಕೆಯನ್ನು ದಿನವಹಿಯಲ್ಲಿ ಬರೆದಿಡಬೇಕು. ನೆನಪು ಒಳ್ಳೆಯ ಎಸೆತಗಳನ್ನು ಮಾತ್ರ ಉಳಿಸಿಕೊಳ್ಳುವುದು. ಪುಸ್ತಕವು ಎಲ್ಲವನ್ನೂ ಹೇಳುವುದು.

ಮೂರನೆಯ ಹಂತವು ಓಡುತ್ತ ಎಸೆಯುವುದು. ಆಟದಲ್ಲಿ ನಿಂತು ಎಸೆಯುವ ಸುಯೋಗವು ಅಪರೂಪ. ಓಡುವಾಗಲೂ ಭುಜವು ಗೋಲಿನ ಕಡೆಗೆ ತಿರುಗಿರಬೇಕು. ಕೋಲು ಮೈಯ ಹಿಂದೆಯೇ ಇದ್ದು, ಹೆಜ್ಜೆಯನ್ನು ಊರಿದಾಗ ಬೀಸಬೇಕು. ಆರಂಭದಲ್ಲಿ ನಡೆಯುತ್ತ, ಆಮೇಲೆ ಸಣ್ಣ ಓಟದಲ್ಲಿ, ಕಡೆಗೆ ಪೂರ್ಣ ಓಟದಲ್ಲಿ ಇದನ್ನು ಸಾಧಿಸಬೇಕು. ವೇಗವನ್ನು ಕುರಿತು ಆಲೋಚಿಸುವುದಕ್ಕೆ ಇಷ್ಟರ ಮೇಲೆ ಕಾಲ ಬರುವುದು.

ದಿನಕ್ಕೆ ಇಪ್ಪತ್ತು ನಿಮಿಷ ಸಾಕು. ವಾರಕ್ಕೊಮ್ಮೆ ಮೂರು ಗಂಟೆಯ ಹೊತ್ತು ಬೆವರು ಸುರಿಸುವುದಕ್ಕಿಂತ ಇದು ಮೇಲು. ಮೈ ದಣಿದ ಮೇಲೆ ಸೊಂಟವು ತಿರುಗುವುದನ್ನು ಬಿಡುವುದು, ತೋಳು ತಾನೊಂದೇ ದುಡಿಯತೊಡಗುವುದು. ಆಗ ಎಸೆದುದೆಲ್ಲ ಕೆಟ್ಟ ರೀತಿಯ ಅಭ್ಯಾಸವೇ. ಭುಜದಲ್ಲಿಯೋ ಮೊಣಕೈಯಲ್ಲಿಯೋ ನೋವು ಕಂಡರೆ ಅಂದಿಗೆ ನಿಲ್ಲಿಸಬೇಕು. ಬೆಳೆಯುವ ಮಕ್ಕಳ ಕೀಲುಗಳನ್ನು ದಣಿಸಿ ಗೆದ್ದವರಿಲ್ಲ.

ತಾಯಿತಂದೆಗಳಿಗೆ ಎಚ್ಚರಿಕೆಯ ಮಾತು

ಗುರಿಯ ಸಾಧನೆಯನ್ನು ನಾವು ಇಷ್ಟೊಂದು ಒತ್ತಿಹೇಳುವುದಕ್ಕೆ ಗೋಲಿನ ಎಣಿಕೆಯೊಂದೇ ಕಾರಣವಲ್ಲ. ಈ ಚೆಂಡು ಕಲ್ಲಿನಂತೆ ಗಟ್ಟಿಯಾದುದು. ಅದು ಎದೆಗೆ, ಹೃದಯದ ನೇರಕ್ಕೆ ಬಡಿದರೆ, ಎಲುಬು ಮುರಿಯದೆ, ಹೃದಯದಲ್ಲಿ ಮೊದಲು ಯಾವ ಕಾಯಿಲೆಯೂ ಇಲ್ಲದೆ, ಹೃದಯದ ಬಡಿತವು ದಿಢೀರನೆ ಕೆಟ್ಟುಹೋಗಬಹುದು. ವೈದ್ಯರು ಇದನ್ನು ಕಮೋಷಿಯೊ ಕಾರ್ಡಿಸ್ ಎಂದು ಕರೆಯುವರು. ಹೃದಯವು ಒಂದು ಬಡಿತವನ್ನು ಮುಗಿಸಿ ಮುಂದಿನದಕ್ಕೆ ಅಣಿಯಾಗುವ ಅತ್ಯಲ್ಪವಾದ ಕ್ಷಣದಲ್ಲಿ ಪೆಟ್ಟು ಬಿದ್ದರೆ ಮಾತ್ರ ಹೀಗಾಗುವುದು. ಆದುದರಿಂದ ಇದು ಅಪರೂಪ. ಆದರೆ ಎಳೆಯರ ಎದೆಗೂಡು ಮೆತ್ತಗಿರುವುದರಿಂದ ಅವರಿಗೇ ಅಪಾಯವು ಹೆಚ್ಚು. ಒಡನೆಯೇ ಎದೆಯನ್ನು ಒತ್ತುವ ಉಪಚಾರವೂ ವಿದ್ಯುತ್ತಿನ ಪ್ರಹಾರದಿಂದ ಬಡಿತವನ್ನು ಸರಿಪಡಿಸುವ ಯಂತ್ರವೂ ದೊರೆತರೆ ಜೀವವು ಉಳಿಯಬಹುದು. ತಡವಾದರೆ ಕೈಮೀರುವುದು.

ಇದೇ ಕಾರಣದಿಂದ ಅಮೆರಿಕದ ಶಾಲಾ ಕಾಲೇಜುಗಳ ಹುಡುಗರ ಆಟದಲ್ಲಿ 2021ರಿಂದ ಕಾವಲುಗಾರರಿಗೂ, 2022ರಿಂದ ಮಿಕ್ಕ ಆಟಗಾರರೆಲ್ಲರಿಗೂ, ಇದಕ್ಕೆಂದೇ ಪರೀಕ್ಷಿಸಿದ ಎದೆಗವಚವನ್ನು ಕಡ್ಡಾಯಗೊಳಿಸಿದರು. ಕವಚವು ಅಪಾಯವನ್ನು ತಗ್ಗಿಸುವುದೇ ಹೊರತು ತೊಡೆದುಹಾಕುವುದಿಲ್ಲ. ಹುಡುಗಿಯರ ಆಟದ ನಿಯಮಗಳು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿರುವುವು. ಕಾವಲುಗಾರ್ತಿಯ ಮೈಗೋ ಇತರರ ಮೈಗೋ ಹತೋಟಿಯಿಲ್ಲದೆ ಎಸೆದರೆ ಅದನ್ನು ಅಪಾಯದ ಎಸೆತವೆಂದು ತಪ್ಪಿಗೆ ಸೇರಿಸುವರು. ಗೋಲಿಗೂ ಎಸೆಯುವವಳಿಗೂ ನಡುವಣ ದಾರಿಯಲ್ಲಿ ಎದುರಾಳಿಯು ಸುಮ್ಮನೆ ಬಂದು ನಿಲ್ಲುವುದೂ ತಪ್ಪೇ.

ಮನೆಯಲ್ಲಿ ಅಭ್ಯಾಸ ಮಾಡುವಾಗಲೂ ಈ ವಿವೇಕವಿರಬೇಕು. ಕವಚವಿಲ್ಲದ ತಮ್ಮನನ್ನೋ ತಂಗಿಯನ್ನೋ ಗೋಲಿನಲ್ಲಿ ನಿಲ್ಲಿಸಿ ಎಸೆಯುವುದು ಎಂದಿಗೂ ಕೂಡದು. ಗೋಲಿನ ಹಿಂದೆ ದಾರಿಹೋಕರಾಗಲಿ ಆಡುವ ಮಕ್ಕಳಾಗಲಿ ಇಲ್ಲವೆಂಬುದನ್ನು ನೋಡಿಕೊಂಡೇ ಕೋಲನ್ನು ಎತ್ತಬೇಕು. ಚೆಂಡನ್ನು ಆರಿಸುವವನು ಬಲೆಯ ಬಳಿಯಲ್ಲಿದ್ದಾಗ ಎಸೆತವು ನಿಲ್ಲಬೇಕು. ಮಗನು ಎಷ್ಟು ಜೋರಾಗಿ ಎಸೆಯಬಲ್ಲನೆಂದು ಹಿರಿಯರು ಹಿಗ್ಗುವುದರ ಬದಲು, ತಾನು ಎಸೆದುದು ಎಲ್ಲಿಗೆ ಹೋಗುವುದೆಂದು ಅವನಿಗೆ ಮೊದಲೇ ತಿಳಿದಿದೆಯೇ ಎಂದು ವಿಚಾರಿಸುವುದು ಲೇಸು.

ಹೊಡೆನೊಶೋನಿ ಜನರ ಮನೆಗಳಲ್ಲಿ ಗಂಡುಮಗುವಿನ ತೊಟ್ಟಿಲಲ್ಲಿ ಒಂದು ಪುಟ್ಟ ಕೋಲನ್ನಿಡುವ ಸಂಪ್ರದಾಯವುಂಟು. ಮಗುವು ಬೆಳೆದು ಆಟಕ್ಕೆ ಇಳಿಯುವಾಗ ಮನಸ್ಸಿನಲ್ಲಿ ಕೋಪವನ್ನೂ ದ್ವೇಷವನ್ನೂ ಇಟ್ಟುಕೊಂಡು ಕೋಲನ್ನು ಹಿಡಿಯಬಾರದೆಂದು ಹಿರಿಯರು ಹೇಳಿಕೊಡುವರು. ಅವರ ನಂಬಿಕೆಯು ಅವರದು. ಆದರೂ ಕೋಪದಿಂದ ಬೀಸಿದ ಕೋಲಿನಲ್ಲಿ ಹಿಡಿತವು ಬಿಗಿಯುವುದು, ಭುಜವು ಮುಂದೋಡುವುದು, ಕಣ್ಣು ತೆರವನ್ನು ಬಿಟ್ಟು ಎದುರಾಳಿಯನ್ನು ಹುಡುಕುವುದು ಎಂಬುದನ್ನು ಮೇಲೆ ಹೇಳಿದ ರೀತಿಗಳನ್ನು ಮನಸ್ಸಿಟ್ಟು ಓದಿದವರು ತಾವೇ ಊಹಿಸಿಕೊಳ್ಳಬಹುದು. ತಮ್ಮ ಮಕ್ಕಳ ಕೈಗೆ ಈ ಕೋಲು ಬಂದಾಗ ತಾಯಿತಂದೆಗಳು ಗೋಡೆಯ ಮೇಲೆ ಒಂದು ಸುಣ್ಣದ ಗುರುತನ್ನು ಹಾಕಿಕೊಟ್ಟು, ಎಣಿಕೆಯ ಪುಸ್ತಕವನ್ನು ಪಕ್ಕದಲ್ಲಿಟ್ಟು, ನಿಧಾನವಾಗಿ ಆರಂಭಿಸುವಂತೆ ಹೇಳಲಿ. ಆರು ತಿಂಗಳ ಮೇಲೆ ಆ ಗುರುತಿನ ಸುತ್ತಲೂ ಬಿದ್ದ ಕಲೆಗಳು ಎಷ್ಟು ಒತ್ತಾಗಿವೆಯೆಂಬುದನ್ನು ನೋಡಿದರೆ, ಸಾಧನೆಯು ಎಷ್ಟು ದೂರ ಬಂದಿತೆಂಬುದು ಅವರಿಗೆ ತಾನಾಗಿಯೇ ತಿಳಿಯುವುದು.